ಏರ್‌ಪೋರ್ಟಿನ ಎಕ್ಸ್‌ರೇಗೆ ಸಿಕ್ಕರೆ ಫಿಲ್ಮ್ ರೋಲು ಹಾಳಾಗುತ್ತಾ?

ಪ್ರಶ್ನೆ: ಅಕ್ಕಾ, ನಾನೂ ನಮ್ಮ ಯಜಮಾನರೂ ನವೆಂಬರಿನಲ್ಲಿ ಜಪಾನಿಗೆ ಹೊರಟಿದ್ದೇವೆ. ಮಾವನವರ ಹಳೇ ಯಾಶಿಕಾ ಕ್ಯಾಮೆರಾ ತಗೊಂಡು ಹೋಗ್ತೀವಿ, ಅದಕ್ಕೆ ಹತ್ತು ರೋಲು ತಂದಿಟ್ಟಿದ್ದೇವೆ. ಏರ್‌ಪೋರ್ಟಿನ ಎಕ್ಸ್‌ರೇ ಮೆಷಿನ್ನಿಗೆ ಹಾಕಿದರೆ ಫಿಲ್ಮೆಲ್ಲ ಹೋಗುತ್ತೆ ಅಂತ ಕೆಲವರು ಹೇಳ್ತಾರೆ, ಏನೂ ಆಗಲ್ಲ ಅಂತ ಇನ್ನು ಕೆಲವರು. ಯಾರ ಮಾತು ನಂಬೋದು? ಕ್ಯಾಮೆರಾ ಒಳಗೆ ಅರ್ಧ ಮುಗಿದ ರೋಲು ಬೇರೆ ಇದೆ. ರಂಗಸ್ಥಳದ ದೇವಸ್ಥಾನಕ್ಕೆ ಎಲ್ಲರೂ ಹೋದಾಗ ತೆಗೆದ ಫೋಟೊಗಳು ಅದರಲ್ಲಿವೆ. (ಶಿಡ್ಲಘಟ್ಟದ ಓದುಗರೊಬ್ಬರು)

ಇಬ್ಬರ ಮಾತೂ ನಿಜ. ಅವರು ಫಿಲ್ಮ್ ಹಾಕಿದ ಮೆಷಿನ್ನುಗಳು ಬೇರೆ ಬೇರೆ, ಅಷ್ಟೆ.

ಮೊದಲು ಒಂದು ಮಾತು, ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ತೊಳೆಸದ ಫಿಲ್ಮನ್ನು ಯಾವ ಕಾರಣಕ್ಕೂ ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಇಡಬೇಡಿ. ಖಾಲಿ ರೋಲಾಗಲಿ, ಫೋಟೊ ತೆಗೆದು ಮುಗಿಸಿದ ರೋಲಾಗಲಿ, ಎರಡೂ ಕೈಚೀಲದಲ್ಲೇ ಇರಲಿ. ಇದನ್ನು ನಾವು ಕಲಿತದ್ದು ಒಂದು ರೋಲು ಕಳೆದುಕೊಂಡ ಮೇಲೆ.

ನಮ್ಮ ಮೊದಲ ವಿದೇಶ ಪ್ರವಾಸ ವಿಯೆಟ್ನಾಮಿಗೆ. ಹೊರಡುವ ಹಿಂದಿನ ಭಾನುವಾರ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ನಮ್ಮತ್ತೆ ಕೂತಿದ್ದು, ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಕ್ಕೆ ಒರಗಿ ನಮ್ಮವರು ನಿಂತದ್ದು, ಬರುವಾಗ ದಾರಿಯಲ್ಲಿ ದ್ರಾಕ್ಷಿ ಕೊಂಡದ್ದು, ಹೀಗೆ ಹದಿನಾಲ್ಕು ಫೋಟೊ. ಉಳಿದ ಇಪ್ಪತ್ತೆರಡನ್ನು ಹೊಯ್ ಆನ್ ಎಂಬ ಊರಿನಲ್ಲಿ ತೆಗೆದೆವು. ಸಂಜೆಯಾದರೆ ಆ ಊರಿನ ಬೀದಿ, ಅಂಗಡಿ, ನದಿಯ ದೋಣಿ ಎಲ್ಲ ಕಡೆ ಬಟ್ಟೆ ಹೊದಿಸಿದ ಬಣ್ಣದ ಬುಟ್ಟಿದೀಪಗಳು ಹತ್ತುತ್ತವೆ. ಕಡಿಮೆ ಬೆಳಕಿಗೆ ಬೇಕಾಗುತ್ತದೆಂದೇ 800ರ ಫಿಲ್ಮ್ ಹಾಕಿದ್ದೆವು. (ಡಬ್ಬಿಯ ಮೇಲಿನ ಈ ಸಂಖ್ಯೆ ಹೆಚ್ಚಿದಷ್ಟೂ ಫಿಲ್ಮಿಗೆ ಬೆಳಕು ಬೇಗ ತಾಗುತ್ತದೆ, ವೇಗದ ಫಿಲ್ಮ್ ಎನ್ನುವುದು ಅದಕ್ಕೇ.) ವಾಪಸು ಬರುವಾಗ ಕೈಚೀಲ ಭಾರವಾಯಿತೆಂದು ಆ ರೋಲನ್ನು ನಾನೇ ಕಾಲುಚೀಲದೊಳಗೆ ಸುತ್ತಿ ಸೂಟ್‌ಕೇಸಿಗೆ ತುರುಕಿದೆ.

ಬೆಂಗಳೂರಿಗೆ ಕಳಿಸಿ ತೊಳೆಸಿದಾಗ ನೆಗೆಟಿವ್ ಉದ್ದಕ್ಕೂ ಬೆರಳಗಲದ ಪಟ್ಟೆಗಳು ಬಂದಿದ್ದವು. ನೇರ ಪಟ್ಟೆಗಳಲ್ಲ, ಅಲೆಯಲೆಯಾದವು. ರೋಲು ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡಿರುತ್ತದಲ್ಲ, ಎಕ್ಸ್‌ರೇ ಅದನ್ನು ಒಂದು ಕಡೆಯಿಂದ ಹಾದು ಹೋದಾಗ ಬಿಡಿಸಿದ ಫಿಲ್ಮಿನ ಮೇಲೆ ಗುರುತು ಮತ್ತೆ ಮತ್ತೆ ಬೀಳುತ್ತದೆ. ಹೊಯ್ ಆನ್ ದೀಪಗಳು ಹೋದವು. ಅದೇ ರೋಲಿನ ಶುರುವಿನಲ್ಲಿದ್ದ ಅತ್ತೆಯವರ ಫೋಟೊದ ಮೇಲೂ ಪಟ್ಟೆ ಹಾದು ಹೋಗಿತ್ತು. ಹೊಯ್ ಆನ್‌ಗೆ ಇನ್ನೊಮ್ಮೆ ಹೋಗಬಹುದು. ಅತ್ತೆ ಈಗ ಆ ಮೆಟ್ಟಿಲಿಳಿಯಲಾರರು.

ಹೀಗೇಕೆ ಆಗುತ್ತದೆ? ಫಿಲ್ಮಿನ ಮೇಲೆ ಜೆಲಟಿನ್ನಿನ ತೆಳು ಪದರವಿದೆ, ಅದರೊಳಗೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳಿವೆ. ಬೆಳಕು ತಾಗಿದ ಹರಳು ಬದಲಾಗುತ್ತದೆ, ತೊಳೆದಾಗ ಅದು ಚಿತ್ರವಾಗುತ್ತದೆ. ಎಕ್ಸ್‌ರೇ ತಾಗಿದರೂ ಹರಳು ಹಾಗೆಯೇ ಬದಲಾಗುತ್ತದೆ. ಎರಡಕ್ಕೂ ಇರುವ ನಂಟು ಹಳೆಯದು. ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ವಿಜ್ಞಾನಿ ರಂಟ್‌ಜನ್ 1895ರ ನವೆಂಬರಿನಲ್ಲಿ ಈ ಕಿರಣಗಳನ್ನು ಕಂಡುಹಿಡಿದರು. ಡಿಸೆಂಬರ್ 22ರಂದು ಹೆಂಡತಿ ಆನಾ ಬರ್ಥಾ ಅವರ ಕೈಯನ್ನು ಫೋಟೊ ಪ್ಲೇಟಿನ ಮೇಲೆ ಇರಿಸಿ ಕಿರಣ ಹಾಯಿಸಿದರು. ಬೆರಳ ಮೂಳೆಗಳು ಮೂಡಿದವು, ಜೊತೆಗೆ ಅವರ ಉಂಗುರವೂ. ಎಕ್ಸ್‌ರೇ ಚಿತ್ರಗಳಲ್ಲಿ ತುಂಬ ಹೆಸರಾದದ್ದು ಅದು. ಗಂಡ ತೆಗೆದ ಹೆಂಡತಿಯ ಫೋಟೊ ಅದು ಎಂದು ನೆನೆದಾಗಲೆಲ್ಲ ನನಗೆ ಹಿತವಾಗುತ್ತದೆ. ಮುಂದೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವರು ಮೈಗೆ ಎಷ್ಟು ಕಿರಣ ತಾಗಿದೆ ಎಂದು ತಿಳಿಯಲು ಬ್ಯಾಡ್ಜು ಹಾಕಿಕೊಳ್ಳತೊಡಗಿದರು. ಅದರೊಳಗೂ ಇರುತ್ತಿದ್ದುದು ಫಿಲ್ಮಿನ ತುಂಡೇ. ಎಕ್ಸ್‌ರೇ ಎಲ್ಲಿದ್ದರೂ ಫಿಲ್ಮ್ ಅದನ್ನು ದಾಖಲಿಸಿಕೊಳ್ಳುತ್ತದೆ.

ಪ್ರತಿ ಸಲವೂ ಪಟ್ಟೆಯೇ ಬೀಳಬೇಕೆಂದಿಲ್ಲ. ಹೆಚ್ಚಾಗಿ ಆಗುವುದು ಸ್ಟುಡಿಯೋದವರು ಫಾಗ್ ಎನ್ನುವುದು. ನಂದಿ ಬೆಟ್ಟದ ಮೇಲೆ ಬೆಳಗ್ಗೆ ಆರಕ್ಕೆ ನಿಂತರೆ ಎದುರಿನ ಬೆಟ್ಟ ಇದೆಯೋ ಇಲ್ಲವೋ ಅನ್ನಿಸುತ್ತದಲ್ಲ, ಹಾಗೆ. ಕಪ್ಪಾಗಿರಬೇಕಾದ ಜಾಗ ಬೂದು ಬಣ್ಣವಾಗುತ್ತದೆ, ನೆರಳಿನಲ್ಲಿದ್ದ ಮುಖ ಮಸುಕಾಗುತ್ತದೆ, ಕಾಳುಕಾಳು ಎದ್ದು ಕಾಣುತ್ತದೆ.

ಈಗ ಮೆಷಿನ್ನುಗಳ ವಿಷಯ. ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸನ್ನು ನೋಡುವ ಮೆಷಿನ್ ಬಹಳ ಜೋರಿನದು, ನಮ್ಮ ರೋಲು ಹೋದದ್ದು ಅದರಲ್ಲೇ. ಕೈಚೀಲ ನೋಡುವ ಹಳೆಯ ಎಕ್ಸ್‌ರೇ ಮೆಷಿನ್ ಮೃದುವಾದದ್ದು. 100, 200, 400ರ ಫಿಲ್ಮ್ ಅದರಲ್ಲಿ ಒಂದೆರಡು ಸಲ ಹೋದರೆ ಕಣ್ಣಿಗೆ ಕಾಣುವ ತೊಂದರೆ ಆಗುವುದಿಲ್ಲ. ‘ಏನೂ ಆಗಲ್ಲ’ ಅಂದವರು ಕಂಡದ್ದು ಇದನ್ನೇ. ಆದರೆ ಪ್ರತಿ ಸಲದ ಪೆಟ್ಟೂ ಹಿಂದಿನದಕ್ಕೆ ಕೂಡಿಕೊಳ್ಳುತ್ತದೆ. ನಡುವೆ ಒಂದು ಕಡೆ ವಿಮಾನ ಬದಲಿಸುವುದಿದ್ದರೆ ಹೋಗುವಾಗ ಎರಡು, ಬರುವಾಗ ಎರಡು, ಒಟ್ಟು ನಾಲ್ಕು ಸಲ ತಪಾಸಣೆ ಆಗಬಹುದು. 800 ಮತ್ತು ಅದಕ್ಕಿಂತ ವೇಗದ ಫಿಲ್ಮನ್ನು ಈ ಹಳೆಯ ಮೆಷಿನ್ನಿಗೂ ಕೊಡದಿರುವುದು ಒಳ್ಳೆಯದು. ತೆಗೆದ ಕೂಡಲೇ ಫೋಟೊ ಹೊರಬರುವ ಇನ್‌ಸ್ಟಾಕ್ಸ್ ಕ್ಯಾಮೆರಾದ ಹಾಳೆಗಳೂ 800ರವೇ, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. 400ರ ಫಿಲ್ಮನ್ನು 1600 ಎಂದು ಲೆಕ್ಕ ಹಿಡಿದು ತೆಗೆದು ಹೆಚ್ಚು ಹೊತ್ತು ತೊಳೆಸುವವರಿದ್ದರೆ ಅವರ ರೋಲೂ ಅಷ್ಟೇ ನಾಜೂಕು.

ಇನ್ನೊಂದು ಮೆಷಿನ್ ಸಿ.ಟಿ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ಹಾಗೆಯೇ ಚೀಲದ ಸುತ್ತ ತಿರುಗಿ ಎಲ್ಲ ಕಡೆಯಿಂದ ನೋಡುತ್ತದೆ. ‘ಫಿಲ್ಮೆಲ್ಲ ಹೋಗುತ್ತೆ’ ಎಂಬ ಮಾತು ಇದರಿಂದ ಬಂದದ್ದು. ಒಂದೇ ಸಲ ಹೋದರೂ ಫಿಲ್ಮಿಗೆ ಏಟು ಬೀಳುತ್ತದೆ ಎಂದು ಕೊಡಕ್‌ನವರೇ ಎಚ್ಚರಿಸಿದ್ದಾರೆ. ಅಮೆರಿಕ ಮತ್ತು ಯುರೋಪಿನಲ್ಲಿ ಇವು ಹೆಚ್ಚುತ್ತಿವೆ, ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್‌ನಲ್ಲಿ ಇವೇ ಇವೆ. ಗುರುತು ಹಿಡಿಯುವುದು ಕಷ್ಟವಲ್ಲ. ಮೆಷಿನ್ ದಪ್ಪವಾಗಿ, ದುಂಡಗೆ ಇರುತ್ತದೆ. ಲ್ಯಾಪ್‌ಟಾಪು, ನೀರಿನ ಬಾಟಲಿ ಚೀಲದಿಂದ ತೆಗೆಯಬೇಡಿ, ಹಾಗೇ ಇಡಿ ಎಂದರೆ ಬಹುಮಟ್ಟಿಗೆ ಅದು ಸಿ.ಟಿ. ಆ ಮಾತು ಕಿವಿಗೆ ಬಿದ್ದ ಕೂಡಲೇ ಫಿಲ್ಮ್ ಚೀಲ ಕೈಗೆ ತೆಗೆದುಕೊಳ್ಳಿ.

ತೆಗೆದುಕೊಂಡು ಏನು ಮಾಡಬೇಕು? ಕೈಯಲ್ಲೇ ಪರೀಕ್ಷಿಸಿ ಎಂದು ಕೇಳಬೇಕು. ಅಮೆರಿಕದಲ್ಲಿ ಹಾಗೆ ಕೇಳಿದರೆ ನೋಡಿಕೊಡುತ್ತಾರೆ, ನಿಯಮವೇ ಇದೆ. ಉಳಿದ ಕಡೆ, ನಮ್ಮ ದೇವನಹಳ್ಳಿಯಲ್ಲೂ, ಒಪ್ಪುವುದು ಬಿಡುವುದು ಅಲ್ಲಿರುವವರ ವಿವೇಚನೆ. ಹಾಗಾಗಿ ಅವರ ಕೆಲಸ ಹಗುರ ಮಾಡಿಕೊಡಿ. ರೋಲುಗಳನ್ನು ರಟ್ಟಿನ ಪೆಟ್ಟಿಗೆಯಿಂದ, ಕಪ್ಪು ಡಬ್ಬಿಯಿಂದ ತೆಗೆದು ಪಾರದರ್ಶಕ ಜಿಪ್ ಚೀಲದಲ್ಲಿ ಹಾಕಿಡಿ. (ಡಬ್ಬಿ ಎಸೆಯಬೇಡಿ. ನಮ್ಮಮ್ಮ ಇವತ್ತಿಗೂ ಕುಂಕುಮ ಇಡುವುದು ಅಂಥದ್ದರಲ್ಲೇ.) ಜನ ಕಡಿಮೆ ಇರುವ ಹೊತ್ತಿಗೆ, ಸಮಯ ಕೈಯಲ್ಲಿಟ್ಟುಕೊಂಡು ಹೋಗಿ. ನಾವು ಇನ್ನೂ ಒಂದು ಮಾಡುತ್ತೇವೆ. ಒಂದು ಹಾಳಾದ ರೋಲನ್ನು ಜೊತೆಗೆ ಒಯ್ಯುತ್ತೇವೆ. ಕೆಲಸದಲ್ಲಿರುವ ಹುಡುಗ ಹುಡುಗಿಯರು ಎಷ್ಟೋ ಸಲ ಫಿಲ್ಮನ್ನೇ ಕಂಡಿರುವುದಿಲ್ಲ. ಆ ರೋಲಿನಿಂದ ಒಂದು ಗೇಣು ಎಳೆದು ತೋರಿಸಿ ‘ಇದಕ್ಕೆ ಬೆಳಕು ತಾಗಬಾರದು, ಎಕ್ಸ್‌ರೇಯೂ ತಾಗಬಾರದು’ ಎಂದರೆ ಮುಖದಲ್ಲಿ ಕುತೂಹಲ ಮೂಡುತ್ತದೆ, ಕೆಲಸವೂ ಆಗುತ್ತದೆ.

ಒಪ್ಪದಿದ್ದರೆ ಜಗಳ ಬೇಡ. ಹಳೆಯ ಮೆಷಿನ್ನಾದರೆ 400ರವರೆಗಿನ ಫಿಲ್ಮನ್ನು ನಿಶ್ಚಿಂತೆಯಿಂದ ಹಾಕಿ. ಸಿ.ಟಿ. ಒಂದೇ ಇದ್ದು ಬೇರೆ ದಾರಿ ಇಲ್ಲದಿದ್ದರೆ, 200ರ ಫಿಲ್ಮಿಗೆ ಆಗುವ ಪೆಟ್ಟು 800ಕ್ಕಿಂತ ಕಡಿಮೆ. ಅದಕ್ಕೇ ಪ್ರವಾಸಕ್ಕೆ ನಾವು ಹೆಚ್ಚಾಗಿ ಒಯ್ಯುವುದು 200. 400 ಒಯ್ದರೂ ಕ್ಯಾಮೆರಾದಲ್ಲಿ 200 ಎಂದಿಟ್ಟು ಸ್ವಲ್ಪ ಹೆಚ್ಚು ಬೆಳಕು ಕೊಡುತ್ತೇವೆ. ನೆರಳಿನ ಭಾಗ ಗಟ್ಟಿಯಾಗಿ ಮೂಡಿದ್ದರೆ ತುಸು ಫಾಗ್ ಆದರೂ ಅದು ಮುಳುಗಿಹೋಗುವುದಿಲ್ಲ.

ಸೀಸದ ಚೀಲ ಕೊಳ್ಳೋಣವೇ ಎಂದು ಬಹಳ ಜನ ಕೇಳುತ್ತಾರೆ. ಬೇಡ ಎನ್ನುತ್ತೇನೆ. ಪರದೆಯ ಮೇಲೆ ಅದು ಕಪ್ಪು ಗಡ್ಡೆಯ ಹಾಗೆ ಕಾಣುತ್ತದೆ. ಒಳಗೇನಿದೆ ಎಂದು ತಿಳಿಯದೆ ಅವರು ಚೀಲ ಬಿಚ್ಚಿಸುತ್ತಾರೆ, ಇಲ್ಲವೇ ಇನ್ನೊಮ್ಮೆ ಹಾಯಿಸುತ್ತಾರೆ.

ನಾವು ನಡೆದು ಹೋಗುವ ಲೋಹಶೋಧಕದ ಬಾಗಿಲಿನಿಂದ ಫಿಲ್ಮಿಗೆ ಏನೂ ಆಗದು. ತೊಳೆಸಿದ ನೆಗೆಟಿವ್‌ಗೆ ಯಾವ ಎಕ್ಸ್‌ರೇಯೂ ಏನೂ ಮಾಡದು. ಇದು ನಿಮಗೆ ಉಪಯೋಗಕ್ಕೆ ಬರುವ ಮಾತು, ಏಕೆಂದರೆ ನೀವು ಹೋಗುತ್ತಿರುವುದು ಜಪಾನಿಗೆ. ಟೋಕಿಯೋ, ಒಸಾಕಾದಂಥ ಊರುಗಳಲ್ಲಿ ಫಿಲ್ಮ್ ತೊಳೆದುಕೊಡುವ ಅಂಗಡಿಗಳು ಇನ್ನೂ ಇವೆ. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನ ಎಲ್ಲಿ ಹೋದರೂ ಒಂದೇ. 38 ಡಿಗ್ರಿ ಬಿಸಿಯ ಡೆವಲಪರಿನಲ್ಲಿ ಮೂರೂಕಾಲು ನಿಮಿಷ, ಬೆಂಗಳೂರಿನಲ್ಲೂ ಅಷ್ಟೇ, ಟೋಕಿಯೋದಲ್ಲೂ ಅಷ್ಟೇ. ಹೊರಡುವುದಕ್ಕೆ ಎರಡು ಮೂರು ದಿನ ಮೊದಲು ಅಲ್ಲೇ ತೊಳೆಸಿ ನೆಗೆಟಿವ್ ತಂದರೆ ವಾಪಸು ದಾರಿಯ ಚಿಂತೆಯೇ ಇರುವುದಿಲ್ಲ. ರೋಲುಗಳನ್ನೂ ಅಲ್ಲೇ ಕೊಂಡರೆ ಹೋಗುವ ದಾರಿಯದೂ ಇಲ್ಲ. ನಿಮ್ಮ ಹತ್ತು ರೋಲು ಆಗಲೇ ಮನೆಯಲ್ಲಿವೆ, ಇರಲಿ, ತಂದದ್ದನ್ನೇ ಒಯ್ಯಿರಿ.

ಕೊನೆಗೆ ಆ ಅರ್ಧ ರೋಲು. ಕ್ಯಾಮೆರಾದೊಳಗಿನ ಫಿಲ್ಮನ್ನು ಕೈಯಲ್ಲಿ ಪರೀಕ್ಷಿಸುವುದು ಕಷ್ಟ, ಹಿಂಬಾಗಿಲು ತೆರೆಯಿರಿ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ನಮ್ಮ ತಪ್ಪು ನೀವು ಮಾಡಬೇಡಿ, ರಂಗಸ್ಥಳವನ್ನೂ ಜಪಾನನ್ನೂ ಒಂದೇ ರೋಲಿಗೆ ಹಾಕಬೇಡಿ. ಹೊರಡುವುದಕ್ಕೆ ಮುಂಚಿನ ಭಾನುವಾರ ಕ್ಯಾಮೆರಾ ಹಿಡಿದು ಇಬ್ಬರೂ ಹೊರಗೆ ಹೋಗಿ. ನಿಮ್ಮೂರಿನ ಗೂಡಿನ ಮಾರುಕಟ್ಟೆ ಇದೆ, ಬೀದಿಯಲ್ಲಿ ಹೂ ಕಟ್ಟುವವರಿದ್ದಾರೆ, ಮನೆಯಲ್ಲಿ ಮಾವನವರಿದ್ದಾರೆ. ಆ ಕ್ಯಾಮೆರಾ ಅವರದು, ಅದರಲ್ಲಿ ಅವರ ಫೋಟೊ ತೆಗೆದವರು ಬಹುಶಃ ಕಡಿಮೆ. ಅವರ ಕೈಗೆ ಆ ಕ್ಯಾಮೆರಾ ಕೊಟ್ಟು ಕೂರಿಸಲಾಗದು, ಫೋಟೊ ತೆಗೆಯುವುದೇ ಅದರಲ್ಲಿ. ಹೆಗಲಿಗೊಂದು ಶಾಲು ಹಾಕಿ ಜಗಲಿಯ ಮೇಲೆ ಕೂರಿಸಿ. ಮೂವತ್ತಾರೂ ಮುಗಿದ ಮೇಲೆ ಅಡಿಯ ಗುಂಡಿ ಒತ್ತಿ ರೋಲನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿ, ಮೇಲೆ ‘ರಂಗಸ್ಥಳ, ಅಪ್ಪಾಜಿ’ ಎಂದು ಬರೆದು, ತಂಪಾದ ಕಡೆ ಇಡಲು ಅತ್ತೆಯವರ ಕೈಗೆ ಕೊಟ್ಟು ಹೊರಡಿ.