ಎಡ್ವಿನ್ ಡಿಯಾಸ್: ಮಂಡಿ ವಾಸಿಯಾದ ಮೇಲೂ ಮರಳದ ಲಯ

ಅಮೆರಿಕದ ಬೇಸ್‌ಬಾಲ್ ತಂಡ ನ್ಯೂಯಾರ್ಕ್ ಮೆಟ್ಸ್‌ನ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಬಂದು ಮುನ್ನಡೆ ಕಾಯುವ ಎಸೆತಗಾರ) ಎಡ್ವಿನ್ ಡಿಯಾಸ್ 2024ರಲ್ಲಿ ಮತ್ತೆ ಮತ್ತೆ ಎಡವಿದಾಗ, ಅದಕ್ಕೆ ಮಂಡಿ ಕಾರಣವೋ, ಭುಜವೋ, ಅಳುಕೋ, ದುಬಾರಿ ಒಪ್ಪಂದದ ಒತ್ತಡವೋ ಎಂಬ ವಾದಗಳೇ ಹೆಚ್ಚಾಗಿ, ನಡೆದದ್ದೇನು ಎಂಬುದು ಮಸುಕಾಯಿತು. ಘಟನೆಗಳನ್ನು ಅವು ನಡೆದ ಕ್ರಮದಲ್ಲೇ ನೋಡಿದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಒಂದು ಕಾಲಕ್ಕೆ ಪಂದ್ಯ ಆರಂಭಿಸಿದ ಪಿಚರ್, ಅಂದರೆ ಚೆಂಡೆಸೆಯುವವನು, ಅದನ್ನು ತಾನೇ ಮುಗಿಸುವುದು ವಾಡಿಕೆಯಾಗಿತ್ತು. 1969ರಲ್ಲಿ ‘ಸೇವ್’, ಅಂದರೆ ಕೊನೆಯಲ್ಲಿ ಬಂದು ತಂಡದ ಮುನ್ನಡೆ ಉಳಿಸಿದ ಸಾಧನೆ, ಅಧಿಕೃತ ಲೆಕ್ಕವಾಯಿತು, 1980ರ ದಶಕದ ಕೊನೆಗೆ ಓಕ್ಲೆಂಡ್ ತಂಡ ಡೆನಿಸ್ ಎಕರ್ಸ್ಲಿಯವರನ್ನು ಕೊನೆಯದಾದ ಒಂಬತ್ತನೇ ಇನಿಂಗ್ಸಿಗೆಂದೇ ಮೀಸಲಿಟ್ಟಿತು, ಕ್ಲೋಸರ್ ಎಂಬುದು ಪ್ರತ್ಯೇಕ ಹೊಣೆಯಾಗಿ ಬೇರೂರಿತು. ಕ್ರಿಕೆಟ್‌ನಲ್ಲಿ ಕೊನೆಯ ಓವರ್ ಹಾಕುವವನ ಪಾಡು ನಮಗೆ ಗೊತ್ತು; ಆದರೆ ಅವನಿಗೆ ಲಯ ಕಂಡುಕೊಳ್ಳಲು ಅದಕ್ಕೂ ಮೊದಲು ಒಂದೆರಡು ಓವರುಗಳಾದರೂ ಸಿಕ್ಕಿರುತ್ತವೆ. ಕ್ಲೋಸರ್‌ಗೆ ಅದೂ ಇಲ್ಲ.

ಪೋರ್ಟೊ ರಿಕೊದ ಡಿಯಾಸ್ 2022ರಲ್ಲಿ 62 ಇನಿಂಗ್ಸ್‌ಗಳಲ್ಲಿ 118 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಮಾಡಿದ್ದರು. ಪ್ರತಿ ಒಂಬತ್ತು ಇನಿಂಗ್ಸಿಗೆ ಅವರು ಬಿಟ್ಟುಕೊಟ್ಟ ರನ್ ಸರಾಸರಿ ಕೇವಲ 1.31. ಆ ನವೆಂಬರಿನಲ್ಲಿ ಮೆಟ್ಸ್ ಅವರಿಗೆ ಐದು ವರ್ಷಕ್ಕೆ 10.2 ಕೋಟಿ ಡಾಲರ್ ಕೊಡಲು ಒಪ್ಪಿತು; ಪಂದ್ಯದ ನಡುವೆ ಬದಲಿಯಾಗಿ ಬರುವ ರಿಲೀಫ್ ಪಿಚರ್ ಒಬ್ಬರಿಗೆ ಅಲ್ಲಿಯವರೆಗೆ ಅಷ್ಟು ದೊಡ್ಡ ಒಪ್ಪಂದ ಸಿಕ್ಕಿರಲಿಲ್ಲ. 2023ರ ಮಾರ್ಚ್ 15ರಂದು ಮಯಾಮಿಯಲ್ಲಿ, ದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿಯಲ್ಲಿ ಡೊಮಿನಿಕನ್ ಗಣರಾಜ್ಯವನ್ನು ಸೋಲಿಸಿದ ಸಂಭ್ರಮದಲ್ಲಿ ಜೊತೆಗಾರರೊಂದಿಗೆ ಕುಣಿಯುತ್ತಿದ್ದಾಗ, ಅವರ ಬಲ ಮಂಡಿಚಿಪ್ಪಿನ ಸ್ನಾಯುರಜ್ಜು ಪೂರ್ತಿ ಹರಿಯಿತು. ದೇಶಕ್ಕಾಗಿ ಆಡಬೇಕೇ, ಸಂಬಳ ಕೊಡುವ ತಂಡಕ್ಕಾಗಿ ಮೈ ಕಾಯ್ದುಕೊಳ್ಳಬೇಕೇ ಎಂಬ ಚರ್ಚೆ ಅಂದೇ ಶುರುವಾಯಿತು. ಆ ಚರ್ಚೆಯಿಂದ ಡಿಯಾಸ್ ಅವರಿಗೇನೂ ಉಪಕಾರವಾಗಲಿಲ್ಲ.

ಬಲಗೈ ಪಿಚರ್‌ಗೆ ಬಲಗಾಲೇ ಚಿಮ್ಮುವ ಕಾಲು. ಪಿಚರ್ ನಿಂತು ಎಸೆಯುವ ದಿಬ್ಬದ ಮೇಲೆ ಆ ಮಂಡಿಯನ್ನು ಬಾಗಿಸಿ, ಅದರ ಮೇಲೆ ಮೈಭಾರ ಹಾಕಿ ಮುಂದಕ್ಕೆ ತಳ್ಳಿಕೊಂಡಾಗಲೇ ಚೆಂಡಿಗೆ ವೇಗ ಬರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಇಡೀ ಋತುವನ್ನು ಹೊರಗೆ ಕಳೆದು 2024ರಲ್ಲಿ ಮರಳಿದಾಗ, ಹಿಂದೆ ಗಂಟೆಗೆ ಸುಮಾರು 99 ಮೈಲಿ ಇದ್ದ ಅವರ ಫಾಸ್ಟ್‌ಬಾಲಿನ ಸರಾಸರಿ ವೇಗ 97ರ ಆಸುಪಾಸಿಗೆ ಇಳಿದಿತ್ತು. ಕಣ್ಣಿಗೆ ಕಾಣದ ವ್ಯತ್ಯಾಸವಿದು, ಆದರೆ ಬ್ಯಾಟರ್‌ಗೆ ಅಷ್ಟು ಸಾಕು.

ಮೇ 18ರಂದು, ಮಂಡಿಗೆ ಪೆಟ್ಟಾದ ಅದೇ ಮಯಾಮಿ ಮೈದಾನದಲ್ಲಿ, 9-5ರ ಮುನ್ನಡೆಯೊಂದಿಗೆ ಒಂಬತ್ತನೇ ಇನಿಂಗ್ಸನ್ನು ಅವರ ಕೈಗೆ ಕೊಡಲಾಯಿತು. ನಾಲ್ಕು ರನ್ ಹೋದವು, ಮಯಾಮಿ ತಂಡದ ಜಾಶ್ ಬೆಲ್ ಅವರ ಹೋಮ್ ರನ್ ಪಂದ್ಯವನ್ನು ಸಮಗೊಳಿಸಿತು, ಹತ್ತನೇ ಇನಿಂಗ್ಸಿನಲ್ಲಿ ಮೆಟ್ಸ್ 10-9ರಿಂದ ಸೋತಿತು. ತಮ್ಮ ಆತ್ಮವಿಶ್ವಾಸ ಕುಗ್ಗಿದೆ ಎಂದು ಡಿಯಾಸ್ ಪತ್ರಕರ್ತರೆದುರೇ ಒಪ್ಪಿಕೊಂಡರು. ಕೋಟಿಗಟ್ಟಲೆ ಸಂಬಳ ಪಡೆಯುವ ಆಟಗಾರ ಹಾಗೆ ಹೇಳುವುದಕ್ಕೆ ಧೈರ್ಯ ಬೇಕು; ಆ ಮಾತಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ಮೆಟ್ಸ್ ವ್ಯವಸ್ಥಾಪಕ ಕಾರ್ಲೋಸ್ ಮೆಂಡೋಜಾ, ಡಿಯಾಸ್ ಅವರನ್ನು ಕೆಲಕಾಲ ಒತ್ತಡ ಕಡಿಮೆಯಿರುವ ಇನಿಂಗ್ಸ್‌ಗಳಿಗೆ ಸರಿಸಲು ನಿರ್ಧರಿಸಿದರು. ಇದನ್ನು ಹಿನ್ನಡೆ ಎಂದು ಬರೆದವರೇ ಹೆಚ್ಚು, ಆದರೆ ಒಂದು ವರ್ಷ ಪಂದ್ಯವಾಡದ ಪಿಚರ್‌ಗೆ ಏಪ್ರಿಲಿನಲ್ಲೇ ಸಿಗಬೇಕಿದ್ದ ಅವಕಾಶ ಅದು.

ತಿಂಗಳ ಕೊನೆಗೆ ಬಲಭುಜದ ನೋವಿನಿಂದ ಅವರ ಹೆಸರು ಗಾಯಾಳುಗಳ ಪಟ್ಟಿ ಸೇರಿತು. ಜೂನ್ ಮಧ್ಯದಲ್ಲಿ ಮರಳಿದರು. ಜೂನ್ 23ರಂದು ಷಿಕಾಗೊದಲ್ಲಿ ಕೈ ಅತಿಯಾಗಿ ಅಂಟುತ್ತಿದೆ ಎಂದು ಅಂಪೈರುಗಳು, ಒಂದು ಚೆಂಡನ್ನೂ ಎಸೆಯುವ ಮೊದಲೇ ಅವರನ್ನು ಹೊರಕಳಿಸಿದರು. ರಾಳದ ಪುಡಿ, ಬೆವರು, ಮಣ್ಣು ಬಿಟ್ಟರೆ ಬೇರೇನೂ ಇಲ್ಲ ಎಂಬ ಅವರ ವಿವರಣೆ ನಿಲ್ಲಲಿಲ್ಲ. ಹತ್ತು ಪಂದ್ಯಗಳ ನಿಷೇಧ ಬಂತು. ಆ ಸ್ಥಾನಕ್ಕೆ ಬದಲಿ ಆಟಗಾರರನ್ನು ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ತಂಡವೂ ಬೆಲೆ ತೆತ್ತಿತು.

ಇಷ್ಟಾಗಿಯೂ ಆ ವರ್ಷ ಅವರ ಹೆಸರಿನಲ್ಲಿ 20 ಸೇವ್‌ಗಳಿದ್ದವು, ಸರಾಸರಿ 3.52. ಕೆಟ್ಟು ಹೋದ ಕೆಲವು ಸಂಜೆಗಳೇ ಆ ಅಂಕಿಯನ್ನು ಹಿಗ್ಗಿಸಿದವು, ಏಕೆಂದರೆ ವರ್ಷಕ್ಕೆ 55-60 ಇನಿಂಗ್ಸ್ ಆಡುವವನಿಗೆ ಒಂದು ಕೆಟ್ಟ ರಾತ್ರಿಯನ್ನು ಸರಿದೂಗಿಸಲು ವಾರಗಳೇ ಬೇಕು. ಮಂಡಿ ಹರಿದು ಎರಡು ವರ್ಷ ಕಳೆದ ಮೇಲೆ, 2025ರಲ್ಲಿ, ಅವರು ಅದೇ ಮೆಟ್ಸ್ ಪರವಾಗಿ 28 ಸೇವ್‌ಗಳೊಂದಿಗೆ 1.63ರ ಸರಾಸರಿ ಕಂಡರು.