ಫಾಂಡೆಂಟ್ ಕೊಳ್ಳುವ ಮುಂಚೆ ನಿಮ್ಮೂರಿನ ಗಾಳಿ ನೋಡಿ

ಅಕ್ಕನ ಮಗಳ ಐದನೇ ಹುಟ್ಟುಹಬ್ಬ ಆಗಸ್ಟ್ ತಿಂಗಳಲ್ಲಿ, ಮಂಗಳೂರಿನಲ್ಲಿ. ಕೇಕ್ ನಾನೇ ಮಾಡುತ್ತೇನೆ ಅಂತ ಬೆಂಗಳೂರಿನಿಂದ ಫಾಂಡೆಂಟ್, ಅಂದರೆ ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆಯ ಹಿಟ್ಟಿನ ಪೊಟ್ಟಣ ಹೊತ್ತುಕೊಂಡು ಹೋಗಿದ್ದೆ. ನನ್ನ ಅಡುಗೆಮನೆಯಲ್ಲಿ ಅದೇ ಫಾಂಡೆಂಟ್ ನಾಲ್ಕಾರು ಸಲ ಚೆನ್ನಾಗಿ ಕೂತಿತ್ತು. ಅಲ್ಲಿ ಕೇಕಿಗೆ ಬಿಳಿ ಹೊದಿಕೆ ಹೊದಿಸಿ, ಮೇಲೆ ಕೆಂಪು ಆನೆಯೊಂದನ್ನು ಕೂರಿಸಿ, ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಸಂಜೆ ಹೊರಗೆ ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ, ಕೇಕಿನ ಮೈಯೆಲ್ಲ ಬೆವರು. ಆನೆಯ ಕಾಲಿನಿಂದ ಕೆಂಪು ನೀರು ಬಿಳಿ ಹೊದಿಕೆಯ ಮೇಲೆ ಗೆರೆಗೆರೆಯಾಗಿ ಇಳಿಯಿತು. "ಚಿಕ್ಕಮ್ಮಾ, ಆನೆಗೆ ಪೆಟ್ಟಾಗಿದೆ" ಅಂತ ಮಗು ಅತ್ತೇಬಿಟ್ಟಳು.

ಆ ದಿನ ಪೊಟ್ಟಣದ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿ ಅರ್ಥ ಮಾಡಿಕೊಳ್ಳುತ್ತಾ ಹೋದಂತೆ ಗೊತ್ತಾಯಿತು: ಎಲ್ಲ ಊರಿಗೂ ಒಳ್ಳೆಯದಾದ ಒಂದೇ ಫಾಂಡೆಂಟ್ ಅಂತ ಇಲ್ಲ. ಬೆಂಗಳೂರಿಗೆ ಹೊಂದಿದ್ದು ಮಂಗಳೂರಿಗೆ ಹೊಂದಬೇಕಿಲ್ಲ, ಕಲಬುರಗಿಗಂತೂ ಲೆಕ್ಕವೇ ಬೇರೆ.

ಮೊದಲು ಈ ವಸ್ತು ಏನು ಅಂತ ನೋಡೋಣ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಲ್ವಾ? ಪಾಕ ಗಟ್ಟಿಯಾಗುತ್ತಾ ಬರುತ್ತದೆ, ತಿರುವಿದಾಗ ಬೆಳ್ಳಗೆ ಮಬ್ಬಾಗುತ್ತದೆ, ಮರದ ಅಚ್ಚಿಗೆ ಹುಯ್ದರೆ ಸ್ವಲ್ಪ ಹೊತ್ತಿಗೆ ಕಲ್ಲಿನಂತಾಗುತ್ತದೆ. ಕರಗಿದ್ದ ಸಕ್ಕರೆ ಮತ್ತೆ ಹರಳಾಗಿ ಒಂದಕ್ಕೊಂದು ಕಚ್ಚಿಕೊಂಡದ್ದೇ ಇದಕ್ಕೆ ಕಾರಣ. ಫಾಂಡೆಂಟ್ ಕೂಡ ಹೆಚ್ಚುಕಡಿಮೆ ಸಕ್ಕರೆಯೇ. ನೂರು ಗ್ರಾಂ ತೆಗೆದುಕೊಂಡರೆ ಸುಮಾರು 80 ಗ್ರಾಂ ಸಕ್ಕರೆ ಇರುತ್ತದೆ. ಅದು ಸಕ್ಕರೆ ಅಚ್ಚಿನಂತೆ ಕಲ್ಲಾಗದೆ, ಹೋಳಿಗೆಯ ಕಣಕದಂತೆ ಲಟ್ಟಣಿಗೆಗೆ ಬಗ್ಗುತ್ತದೆ. ಈ ಬಗ್ಗುವ ಗುಣವನ್ನು ತಂದುಕೊಡುವುದು ಉಳಿದ 20 ಗ್ರಾಂ. ಕೊಳ್ಳುವಾಗ ನಾವು ನೋಡಬೇಕಾದದ್ದೂ ಅದನ್ನೇ.

ನಮ್ಮ ದೇಶದ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಜಾಸ್ತಿ ತೂಕದ ಪದಾರ್ಥವನ್ನು ಮೊದಲು ಬರೆಯಬೇಕು. ಹಾಗಾಗಿ ಮೊದಲ ಹೆಸರು ಯಾವಾಗಲೂ ಸಕ್ಕರೆಯದೇ. ಎರಡನೆಯದು ಸಾಮಾನ್ಯವಾಗಿ ಲಿಕ್ವಿಡ್ ಗ್ಲೂಕೋಸ್, ಅಂದರೆ ಗಟ್ಟಿ ಪಾಕದಂಥ ಗ್ಲೂಕೋಸ್. ಜಾಮೂನಿನ ಪಾಕಕ್ಕೆ ಅಮ್ಮ ನಾಲ್ಕು ಹನಿ ನಿಂಬೆರಸ ಹಿಂಡುತ್ತಿದ್ದುದು ಯಾಕೆ ಅಂತ ಕೇಳಿದರೆ "ಪಾಕ ಹರಳು ಕಟ್ಟಬಾರದು" ಎನ್ನುತ್ತಿದ್ದಳು. ನಿಂಬೆಯ ಹುಳಿ ಸ್ವಲ್ಪ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಬೇರೆ ಆಕಾರದ ಈ ಅಣುಗಳು ನಡುವೆ ಬಂದು ಸೇರಿಕೊಂಡರೆ ಸಕ್ಕರೆಯ ಹರಳು ಒತ್ತೊತ್ತಾಗಿ ಬೆಳೆಯಲಾರದು. ಫಾಂಡೆಂಟಿನಲ್ಲಿ ಲಿಕ್ವಿಡ್ ಗ್ಲೂಕೋಸ್ ಮಾಡುವುದೂ ಇದನ್ನೇ.

ಮೂರನೆಯದು ಗ್ಲಿಸರಿನ್, 422 ಎಂಬ ಸಂಖ್ಯೆಯಲ್ಲೂ ಬರೆದಿರುತ್ತಾರೆ. ಚಳಿಗಾಲದಲ್ಲಿ ಒಡೆದ ತುಟಿಗೆ ಹಚ್ಚುವುದೂ ಇದನ್ನೇ. ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದು ಇದರ ಗುಣ. ತುಟಿ ಒಣಗದಂತೆ ಕಾಯುವ ಗುಣವೇ ಫಾಂಡೆಂಟ್ ಬಿರಿಯದಂತೆಯೂ ಕಾಯುತ್ತದೆ. ಆದರೆ ಒಣ ಊರಿನಲ್ಲಿ ವರವಾದದ್ದು ತೇವದ ಊರಿನಲ್ಲಿ ತೊಂದರೆ. ಗಾಳಿಯಲ್ಲಿ ನೀರು ತುಂಬಿದ್ದಾಗ ಗ್ಲಿಸರಿನ್ ಅದನ್ನೂ ಎಳೆದುಕೊಳ್ಳುತ್ತದೆ, ಹೊದಿಕೆ ಅಂಟಂಟಾಗುತ್ತದೆ.

ಇನ್ನು ಅಂಟು. ಹಿಟ್ಟಿನ ಹಾಗೆ ಎಳೆದರೆ ಹರಿಯದೆ ಬರಬೇಕಾದರೆ ಯಾವುದಾದರೂ ಅಂಟು ಬೇಕೇ ಬೇಕು. ಹಳೆಯ ಪದ್ಧತಿಯಲ್ಲಿ ಜೆಲಾಟಿನ್ ಹಾಕುತ್ತಾರೆ. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವುದು. ಹಸಿರು ಚುಕ್ಕೆ ಇರುವ ಪೊಟ್ಟಣಗಳಲ್ಲಿ ಅದರ ಬದಲು ಗಿಡಮೂಲದ ಅಂಟುಗಳಿರುತ್ತವೆ. 413 ಅಂದರೆ ಟ್ರಾಗಕಾಂತ್, ಇರಾನಿನ ಕಡೆಯ ಒಣ ಗುಡ್ಡಗಳಲ್ಲಿ ಬೆಳೆಯುವ ಮುಳ್ಳುಗಿಡದ ಅಂಟು. 466 ಅಂದರೆ ಸಿಎಂಸಿ, ಮರ ಅಥವಾ ಹತ್ತಿಯ ನಾರಿನಿಂದ ತಯಾರಿಸಿದ್ದು. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಟೈಲೋಸ್ ಪೌಡರ್ ಅಂತ ಸಿಗುವುದೂ ಇದೇ. ಸಸ್ಯಾಹಾರದ ಪ್ರಶ್ನೆ ಒಂದು ಕಡೆ ಇರಲಿ, ಸೆಕೆಯ ಪ್ರಶ್ನೆಯೂ ಇಲ್ಲಿದೆ. ಜೆಲಾಟಿನ್ ಹಿಡಿತ 30-35 ಡಿಗ್ರಿಯ ಆಸುಪಾಸಿನಲ್ಲಿ ಸಡಿಲವಾಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿನವರು ಹಸಿರು ಚುಕ್ಕೆಯ ಅಂಟಿನದ್ದನ್ನು ಕೊಳ್ಳುವುದೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಗ್ಲಿಸರಿನ್ ಸ್ವಲ್ಪ ಜಾಸ್ತಿ ಇದ್ದರೂ ಅವರಿಗೆ ಒಳ್ಳೆಯದೇ, ಏಕೆಂದರೆ ಅಲ್ಲಿನ ಒಣ ಗಾಳಿ ಲಟ್ಟಿಸುತ್ತಿರುವಾಗಲೇ ಮೇಲ್ಮೈಯ ನೀರು ಹೀರಿ, ಅಂಚಿನಲ್ಲಿ ಆನೆಯ ಚರ್ಮದಂತೆ ಸುಕ್ಕು ಮೂಡಿಸುತ್ತದೆ.

ಬಿಳಿ ಫಾಂಡೆಂಟಿನಲ್ಲಿ 171 ಎಂಬ ಸಂಖ್ಯೆ ಕಂಡರೆ ಅದು ಟೈಟಾನಿಯಂ ಡೈಆಕ್ಸೈಡ್. ಹಾಲಿನಂಥ ಬಿಳುಪಿಗೆ ಹಾಕುತ್ತಾರೆ. ಐರೋಪ್ಯ ಒಕ್ಕೂಟ 2022ರಲ್ಲಿ ಇದನ್ನು ಆಹಾರದಲ್ಲಿ ನಿಷೇಧಿಸಿತು. ಮಕ್ಕಳ ಕೇಕಿಗೆ ನಾನಂತೂ ಇದಿಲ್ಲದ್ದನ್ನೇ ಹುಡುಕುತ್ತೇನೆ. ಬಿಳುಪು ಸ್ವಲ್ಪ ಕೆನೆಬಣ್ಣಕ್ಕೆ ತಿರುಗಿದರೆ ನಷ್ಟವೇನೂ ಇಲ್ಲ.

ಈಗ ಆ ಬೆವರಿನ ವಿಷಯ. ಆಗಸ್ಟಿನ ಮಂಗಳೂರಿನಲ್ಲಿ ಬಿಸಿ 30 ಡಿಗ್ರಿ, ಗಾಳಿಯ ತೇವ ಶೇ 85 ಅಂತ ಇಟ್ಟುಕೊಳ್ಳಿ. ಅಂಥ ಗಾಳಿ 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವನ್ನು ಮುಟ್ಟಿದರೂ ಅದರ ಮೇಲೆ ನೀರು ಬಿಡುತ್ತದೆ. ಈ 27 ಡಿಗ್ರಿಯ ಗಡಿಗೆ ಇಬ್ಬನಿ ಬಿಂದು ಎನ್ನುತ್ತಾರೆ. ಫ್ರಿಜ್ಜಿನಿಂದ ಬಂದ ಕೇಕ್ ಸುಮಾರು 5 ಡಿಗ್ರಿಯಲ್ಲಿತ್ತು. ತಣ್ಣನೆಯ ನೀರಿನ ಲೋಟದ ಹೊರಮೈ ಒದ್ದೆಯಾಗುವ ಹಾಗೆ ಅದೂ ಒದ್ದೆಯಾಯಿತು. ಬೆಂಗಳೂರಿನಲ್ಲಿ 25 ಡಿಗ್ರಿ, ಶೇ 50 ತೇವ ಇರುವ ದಿನ ಇಬ್ಬನಿ ಬಿಂದು 14ರ ಹತ್ತಿರ ಮಾತ್ರ. ಕೇಕ್ ಸ್ವಲ್ಪ ಹೊತ್ತಿನಲ್ಲೇ ಆ ಗಡಿ ದಾಟುತ್ತದೆ, ಬೆವರಿದರೂ ಆರುತ್ತದೆ. ಜೊತೆಗೆ ಇನ್ನೊಂದು ಮಾತಿದೆ. ಗಾಳಿಯ ತೇವ ಶೇ 85ರ ಹತ್ತಿರ ಬಂದರೆ ಶುದ್ಧ ಸಕ್ಕರೆಯೇ ನೀರು ಹೀರಿ ಕರಗತೊಡಗುತ್ತದೆ. ಗ್ಲೂಕೋಸ್ ಸೇರಿದ್ದರೆ ಅದಕ್ಕೂ ಮುಂಚೆಯೇ. ಮಳೆಗಾಲದ ಕರಾವಳಿಯಲ್ಲಿ ಫ್ರಿಜ್ಜಿಗೆ ಇಡದಿದ್ದರೂ ಫಾಂಡೆಂಟ್ ಅಂಟುವುದು ಇದಕ್ಕೇ.

ಹಾಗಾಗಿ ಕರಾವಳಿಯವರು ಗ್ಲಿಸರಿನ್ ಪಟ್ಟಿಯಲ್ಲಿ ಆದಷ್ಟು ಕೆಳಗಿರುವ, ಗಟ್ಟಿ ಅಂಟಿನ ಫಾಂಡೆಂಟ್ ಆರಿಸಬೇಕು. ಕೇಕನ್ನು ಎಸಿ ಕೋಣೆಯಲ್ಲಿಟ್ಟರೆ ಇನ್ನೂ ಒಳ್ಳೆಯದು, ಎಸಿ ಗಾಳಿಯ ನೀರನ್ನೂ ಹಿಂಡಿ ತೆಗೆಯುತ್ತದೆ. ಫ್ರಿಜ್ಜಿಗೆ ಇಡಲೇಬೇಕಾದರೆ ರಟ್ಟಿನ ಡಬ್ಬಿಯಲ್ಲಿ ಮುಚ್ಚಿಡಿ. ಹೊರಗೆ ತೆಗೆದ ಮೇಲೆ ಡಬ್ಬಿ ತೆರೆಯಬೇಡಿ. ಕೇಕ್ ಕೋಣೆಯ ಬಿಸಿಗೆ ಬರುವವರೆಗೆ ಬೆವರೆಲ್ಲ ಡಬ್ಬಿಯ ಮೇಲೆ ಬೀಳಲಿ.

ನಮ್ಮಲ್ಲಿ ಇನ್ನೊಂದು ತೊಡಕು ಹೊದಿಕೆಯ ಕೆಳಗಿದೆ. ವಿಪ್ಪಿಂಗ್ ಕ್ರೀಮ್ ಅಂದರೆ ಮನೆಮಂದಿಗೆಲ್ಲ ಇಷ್ಟ. ಆದರೆ ಅದರಲ್ಲಿ ನೀರು ಜಾಸ್ತಿ. ಮೇಲಿನ ಸಕ್ಕರೆ ಆ ನೀರನ್ನು ಎಳೆದುಕೊಂಡು ಒಳಗಿನಿಂದಲೇ ಕರಗುತ್ತದೆ. ಗನಾಶ್ (ಚಾಕೊಲೇಟ್ ಮತ್ತು ಕ್ರೀಮ್ ಬೆರೆಸಿದ್ದು) ಅಥವಾ ಬಟರ್‌ಕ್ರೀಮ್ (ಬೆಣ್ಣೆ ಮತ್ತು ಸಕ್ಕರೆ ಬೆರೆಸಿದ್ದು) ಆದರೆ ಕೊಬ್ಬು ನಡುವೆ ಗೋಡೆಯಂತೆ ನಿಲ್ಲುತ್ತದೆ. ವಿಪ್ಪಿಂಗ್ ಕ್ರೀಮಿಗೂ ಹೊಂದುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿದ್ದರೂ, ದೊಡ್ಡ ಕೇಕಿಗೆ ಮುಂಚೆ ಒಂದು ಕಪ್‌ಕೇಕಿನ ಮೇಲೆ ಹಾಕಿ ರಾತ್ರಿಯಿಡೀ ಬಿಟ್ಟು ನೋಡಿ.

ಕಡುಗೆಂಪು ಮತ್ತು ಕಪ್ಪನ್ನು ಬಣ್ಣ ಸೇರಿದ್ದನ್ನೇ ಕೊಳ್ಳಿ. ಮನೆಯಲ್ಲಿ ಬಿಳಿಗೆ ಬಣ್ಣ ನಾದಲು ಹೋದರೆ ಅಷ್ಟು ಗಾಢ ಬರುವ ಹೊತ್ತಿಗೆ ಜೆಲ್ ಬಣ್ಣದ ನೀರಿನಿಂದಲೇ ಹಿಟ್ಟು ಸಡಿಲವಾಗಿರುತ್ತದೆ. ನನ್ನ ಆನೆ ಹಾಗೆ ನಾದಿದ್ದು. ಗುಲಾಬಿ ಬಣ್ಣಕ್ಕೆ ಎರಿತ್ರೋಸಿನ್ ಎಂಬ ಆಹಾರದ ಬಣ್ಣ ಬಳಸಿದ್ದರೆ ಅದು ಬೆಳಕಿಗೆ ಮಾಸುತ್ತದೆ, ಕೇಕನ್ನು ಕಿಟಕಿಯ ಹತ್ತಿರ ಇಡಬೇಡಿ.

ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. 6 ಅಂಗುಲ ಅಗಲ, 3 ಅಂಗುಲ ಎತ್ತರದ ಕೇಕಿಗೆ ಮೂರೂವರೆ ಮಿಲಿಮೀಟರ್ ದಪ್ಪ ಲಟ್ಟಿಸಿದರೆ ಸುಮಾರು 450 ಗ್ರಾಂ. 8 ಅಂಗುಲ ಅಗಲ, 4 ಅಂಗುಲ ಎತ್ತರಕ್ಕೆ 700ರಿಂದ 800 ಗ್ರಾಂ. ಉಳಿದದ್ದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ ಡಬ್ಬಿಯಲ್ಲಿಡಿ, ಫ್ರಿಜ್ ಬೇಡ. ಜೇನುತುಪ್ಪ ಕೆಡದಿರುವ ಕಾರಣವೇ ಇಲ್ಲಿಯೂ: ಇರುವ ನೀರನ್ನೆಲ್ಲ ಸಕ್ಕರೆ ಹಿಡಿದಿಟ್ಟುಕೊಂಡಿರುತ್ತದೆ, ಸೂಕ್ಷ್ಮಜೀವಿಗಳಿಗೆ ಸಿಗುವುದಿಲ್ಲ.

ಹೊಸ ಪೊಟ್ಟಣ ತಂದಾಗಲೆಲ್ಲ ನಾನು ಮಾಡುವ ಪರೀಕ್ಷೆ ಇದು. ನೆಲ್ಲಿಕಾಯಿಯಷ್ಟು ಫಾಂಡೆಂಟ್ ತೆಗೆದು ಎರಡು ನಿಮಿಷ ನಾದುತ್ತೇನೆ. ನಿಧಾನಕ್ಕೆ ಎಳೆದರೆ ತೆಳ್ಳಗಾಗುತ್ತಾ ಎರಡು ಅಂಗುಲವಾದರೂ ಬರಬೇಕು, ಫಕ್ಕನೆ ತುಂಡಾಗಬಾರದು. ಅದನ್ನೇ ಮತ್ತೆ ಉಂಡೆ ಮಾಡಿ, ರೂಪಾಯಿ ನಾಣ್ಯದ ಹಾಗೆ ತಟ್ಟಿ, ಸ್ಟೀಲ್ ತಟ್ಟೆಯ ಮೇಲೆ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಹೆಬ್ಬೆರಳಿನಿಂದ ಅಂಚನ್ನು ಒತ್ತುತ್ತೇನೆ. ಬಿರಿದರೆ ಈ ಗಾಳಿಗೆ ಗ್ಲಿಸರಿನ್ ಸಾಲದು. ಬೆರಳಿಗೆ ಅಂಟಿ ಹೊಳೆಯುತ್ತಿದ್ದರೆ ಜಾಸ್ತಿ. ಮೇಲೆ ಒಣಗಿ, ಒಳಗೆ ಮೆತ್ತಗಿದ್ದರೆ ಹೊದಿಕೆಗೆ ಸರಿ.

ಮರುವರ್ಷ ಅದೇ ಆಗಸ್ಟಿನಲ್ಲಿ, ಅಕ್ಕನ ಅಡುಗೆಮನೆಯಲ್ಲೇ ಈ ಪರೀಕ್ಷೆ ಮಾಡಿ ಫಾಂಡೆಂಟ್ ಆರಿಸಿದೆ. ಕೆಳಗೆ ಗನಾಶ್ ಹಾಕಿದೆ. ಕೆಂಪು ಫಾಂಡೆಂಟ್ 250 ಗ್ರಾಂಗೆ ಒಂದು ಟೀ ಚಮಚ ಟೈಲೋಸ್ ನಾದಿ, ಆನೆಯನ್ನು ಮೂರು ದಿನ ಮುಂಚೆಯೇ ಮಾಡಿ ಎಸಿ ಕೋಣೆಯಲ್ಲಿ ಒಣಗಲು ಬಿಟ್ಟೆ. ಮಗು ಆನೆಯನ್ನು ತಿನ್ನಲು ಒಪ್ಪಲೇ ಇಲ್ಲ. ಅದೀಗ ಶೋಕೇಸಿನಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚುಗಳ ಪಕ್ಕ ನಿಂತಿದೆ, ಅವುಗಳಷ್ಟೇ ಗಟ್ಟಿಯಾಗಿ. ಜೂನ್ ಬಂತೆಂದರೆ ಅದರ ಬೆನ್ನು ಸ್ವಲ್ಪ ಅಂಟುತ್ತದೆ, ಡಿಸೆಂಬರಿನಲ್ಲಿ ಮತ್ತೆ ಒಣಗುತ್ತದೆ.