ಬಾಟಲಿ ತಳದ ಹೆಪ್ಪು

ತರವಾಡು ಮನೆಯ (ಕುಟುಂಬದ ಮೂಲಮನೆಯ) ಭೂತದ ನೇಮಕ್ಕೆಂದು ಜರ್ಮನಿಯಿಂದ ಕುಂಬಳೆಗೆ ಬಂದಿದ್ದ ಅಕ್ಕನ ಮಗ ಜಗಲಿಯಲ್ಲಿ ಕೂತು ಕೇಳಿದ, "ಮಾವ, ಗೋಧಿ ಬಿಯರಿನ ಬಾಟಲಿ ತಳದಲ್ಲಿ ಬೆಳ್ಳಗೆ ಕೂತಿರ್ತದಲ್ಲ, ಅದರಿಂದ ಹೊಸ ಬಿಯರ್ ಮಾಡ್ಲಿಕ್ಕೆ ಆಗ್ತದಾ?" ನಾನು ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಬ್ರೂವರ್, ಬಿಯರನ್ನು ಹುದುಗಿಸುವ ಸೂಕ್ಷ್ಮಜೀವಿ ಯೀಸ್ಟ್ ಜೊತೆಗೇ ದಿನವಿಡೀ ಇರುವವನು. ಬಾಟಲಿ ತಳದ ಆ ಬಿಳಿಯೂ ಬಹುಪಾಲು ಯೀಸ್ಟೇ. ಪ್ರಶ್ನೆ ಕೇಳಿ ಖುಷಿಯಾಯಿತು.

ಆಗ್ತದೆ. ಆದರೆ ನಮ್ಮ ಕಾಸರಗೋಡಿನಲ್ಲಿ ಬೇಡ. ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಿದರೆ ಅಬ್ಕಾರಿ ಕೇಸು. ಜರ್ಮನಿಯಲ್ಲಿ ಮಾಡಬಹುದು.

ಎಲ್ಲ ಬಾಟಲಿಯೂ ಆಗುವುದಿಲ್ಲ. ನಮ್ಮಲ್ಲಿ ಸಿಗುವ ಸಾಮಾನ್ಯ ಲಾಗರ್ ಬಿಯರನ್ನು ಸೋಸಿ, ಬಿಸಿ ಮಾಡಿ ತುಂಬಿಸಿರುತ್ತಾರೆ, ಅದರಲ್ಲಿ ಜೀವ ಇರುವುದಿಲ್ಲ. ಬಾಟಲಿಯೊಳಗೇ ಗ್ಯಾಸ್ ಹಿಡಿದ ಬಿಯರ್ ಬೇಕು. ಹೊಸದಾಗಿರಬೇಕು, ಆಲ್ಕೋಹಾಲ್ ಶೇ 6ರ ಒಳಗಿದ್ದರೆ ಒಳ್ಳೆಯದು. ಇನ್ನೊಂದು, ಕೆಲವು ಕಂಪೆನಿಗಳು ಬಿಯರ್ ಹುದುಗಿಸುವುದು ಒಂದು ಯೀಸ್ಟಿನಲ್ಲಿ, ಬಾಟಲಿಗೆ ಹಾಕುವುದು ಬೇರೆಯದನ್ನು. ಅದನ್ನು ವಿಚಾರಿಸದೆ ಶುರು ಮಾಡಿದರೆ ನೀವು ಇಷ್ಟಪಟ್ಟ ಪರಿಮಳ ಬರುವುದೇ ಇಲ್ಲ.

ಈಗ ಲೆಕ್ಕ ನೋಡಿ. ಅರ್ಧ ಲೀಟರ್ ಬಾಟಲಿಯಲ್ಲಿ ಮಿಲಿಲೀಟರಿಗೆ 10 ಲಕ್ಷದಂತೆ ಹಿಡಿದರೂ ಸುಮಾರು 50 ಕೋಟಿ ಯೀಸ್ಟ್ ಕೋಶ. 20 ಲೀಟರ್ ಬಿಯರಿಗೆ ಬೇಕಾದ್ದು ಹತ್ತಿರಹತ್ತಿರ 18,000 ಕೋಟಿ. ಹಂಡೆ ಹಾಲಿಗೆ ಒಂದು ಹನಿ ಮಜ್ಜಿಗೆ ಹಾಕಿದ ಹಾಗೆ, ಹೆಪ್ಪು ಕೂರುವ ಮೊದಲೇ ಹಾಲು ಕೆಡುತ್ತದೆ ಅಲ್ವಾ? ಅದಕ್ಕೇ ಸ್ವಲ್ಪಸ್ವಲ್ಪವಾಗಿ ಬೆಳೆಸಬೇಕು.

ಬಾಟಲಿಯನ್ನು ಎರಡು ಮೂರು ದಿನ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬರಿಸಿದ ಧಾನ್ಯದ ಸಾರದ ಪುಡಿ) ಹಾಕಿ 10 ನಿಮಿಷ ಕುದಿಸಿ, ಮುಚ್ಚಿಟ್ಟು ಪೂರ್ತಿ ತಣಿಸಿ. ಮುಚ್ಚಳ ತೆಗೆದ ಕೂಡಲೇ ಬಾಟಲಿ ಬಾಯಿಯನ್ನು ಲೈಟರ್ ಬೆಂಕಿಗೆ ಒಂದು ಸುತ್ತು ತೋರಿಸಿ. ಬಿಯರನ್ನು ಮೆಲ್ಲ ಲೋಟಕ್ಕೆ ಬಗ್ಗಿಸಿ, ತಳದಲ್ಲಿ ಒಂದು ಬೆರಳಿನಷ್ಟು ಉಳಿಯಲಿ. ಬಾಯಿಗೆ ಮತ್ತೊಮ್ಮೆ ಬೆಂಕಿ. ಬಾಟಲಿ ತಿರುಗಿಸಿದರೆ ಆ ಬಿಳಿ ಪದರ ಗಂಜಿ ತಿಳಿಯ ಹಾಗೆ ಏಳುತ್ತದೆ, ಅದನ್ನು ತಣಿದ ಮಾಲ್ಟ್ ನೀರಿಗೆ ಸುರಿಯಿರಿ. ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ, 20ರಿಂದ 25 ಡಿಗ್ರಿಯಲ್ಲಿಡಿ. ಹೋಗ್ತಾ ಬರ್ತಾ ಒಮ್ಮೆ ಅಲುಗಿಸಿ, ಯೀಸ್ಟಿಗೆ ಗಾಳಿ ಸಿಗಲಿ.

ಎರಡು ದಿನ ಏನೂ ಕಾಣದಿರಬಹುದು. ಗಾಬರಿ ಬೇಡ. ತಳದಲ್ಲಿ ಬಿಳಿ ಕೂತ ಮೇಲೆ, ಹಾಗೆಯೇ ಕುದಿಸಿ ತಣಿಸಿದ ಮಾಲ್ಟ್ ನೀರು ಸೇರಿಸಿ ಅರ್ಧ ಲೀಟರಿಗೆ ಏರಿಸಿ, ಆಮೇಲೆ ಎರಡು ಲೀಟರಿಗೆ. ಈ ಎರಡು ಸಲ ಲೀಟರಿಗೆ 100 ಗ್ರಾಂ ಎಕ್ಸ್‌ಟ್ರಾಕ್ಟ್.

ಪ್ರತಿ ಸಲ ಮೂಸಿ ನೋಡಿ, ರುಚಿಯನ್ನೂ ನೋಡಿ. ಬ್ರೆಡ್ಡಿನ, ಬಾಳೆಹಣ್ಣಿನ ವಾಸನೆ ಸರಿ. ಹುಳಿ ಹೆಂಡದ, ನೈಲ್ ಪಾಲಿಶಿನ ವಾಸನೆ ಬಂದರೆ ಅಲ್ಲೇ ಚೆಲ್ಲಿ. ಕೆಲಸ ಕಲಿಯುವಾಗ ನಾನೊಮ್ಮೆ ಹುಳಿ ವಾಸನೆ ಗೊತ್ತಾದರೂ, ಅಷ್ಟು ದಿನ ಸಾಕಿದ್ದನ್ನು ಬಿಸಾಡಲು ಮನಸ್ಸು ಬಾರದೆ ಬಿಯರಿಗೆ ಹಾಕಿಬಿಟ್ಟೆ. 20 ಲೀಟರ್ ಪೂರಾ ಚರಂಡಿಗೆ ಹೋಯಿತು.

ಹುಡುಗನಿಗೆ ಇನ್ನೊಂದನ್ನೂ ಹೇಳಿದ್ದೇನೆ. ಕೊನೆಯ ಹಂತದ ಯೀಸ್ಟನ್ನು ಹೊಸ ಬಿಯರಿಗೆ ಪೂರ್ತಿ ಸುರಿಯಬಾರದು. ಒಂದು ಸಣ್ಣ ಜಾಡಿ ತೆಗೆದು, ತಾರೀಕು ಬರೆದು ಫ್ರಿಜ್‌ನಲ್ಲಿಡಬೇಕು, ಮುಂದಿನ ಸಲಕ್ಕೆ.